ಫೇರಿಂಗ್ ಇಲ್ಲದ ಬೈಕಿನಲ್ಲಿ ಹೈವೇ ಗಾಳಿ ತಡೆದುಕೊಳ್ಳುವುದು ಹೇಗೆ

ಮಂಗಳೂರಿನಿಂದ ಉಡುಪಿಗೆ 55–60 ಕಿ.ಮೀ. ಇರಬಹುದು. ಇಷ್ಟು ದೂರಕ್ಕೆ ಯಾರಿಗೂ ಮೈಕೈ ನೋವು ಬರಬಾರದು. ಆದರೂ ಬೈಕಿನಿಂದ ಇಳಿದಾಗ ಕುತ್ತಿಗೆ ಹಿಡಿದುಕೊಂಡಿದೆ, ಅಂಗೈ ಜೋಮು ಹಿಡಿದಿದೆ, ಕಿವಿಯಲ್ಲಿ ಗುಂಯ್ ಅಂತ ಸದ್ದು ನಿಂತೇ ಇಲ್ಲ ಎನ್ನುವವರು ಎಷ್ಟೋ ಜನ ಸಿಗುತ್ತಾರೆ. ಇಷ್ಟೆಲ್ಲ ಮಾಡುವುದು ಗಾಳಿ. ಸ್ಪ್ಲೆಂಡರ್ ಆಗಲಿ, ಪಲ್ಸರ್ ಆಗಲಿ, ಬುಲೆಟ್ ಆಗಲಿ, ಮುಂದೆ ಫೇರಿಂಗ್ (ಗಾಳಿ ತಡೆಯುವ ಹೊದಿಕೆ) ಇಲ್ಲ ಅಂದರೆ ಗಾಳಿಗೆ ಎದೆ ಕೊಟ್ಟು ಕೂರುವವರು ನೀವೇ. ಗಾಳಿಯನ್ನು ನಿಲ್ಲಿಸಲು ಆಗುವುದಿಲ್ಲ, ಅದರ ಜೊತೆ ಓಡಿಸುವುದನ್ನು ಕಲಿಯಬಹುದು. ಒಂದು ಸಲ ಕೈಗೆ ಹತ್ತಿದರೆ ಅದೇ ಬೈಕ್, ಅದೇ ರಸ್ತೆ ಎಷ್ಟು ಹಗುರ ಅನಿಸುತ್ತದೆ ಅಂದರೆ ಓಡಿಸಿಯೇ ನೋಡಬೇಕು.

ಮೊದಲು ಸ್ವಲ್ಪ ಲೆಕ್ಕ. ವೇಗ ಎರಡು ಪಟ್ಟು ಆದರೆ ಗಾಳಿಯ ಒತ್ತಡ ನಾಲ್ಕು ಪಟ್ಟು ಆಗುತ್ತದೆ. ನೆಟ್ಟಗೆ ಕೂತ ಒಬ್ಬ ಮನುಷ್ಯನ ಮೈ ಗಾಳಿಗೆ ಸುಮಾರು ಅರ್ಧ ಚದರ ಮೀಟರ್ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅವನನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ 8 ಕೆ.ಜಿ. ತೂಕದಷ್ಟು. 80ರಲ್ಲಿ 15 ಕೆ.ಜಿ. 100ರಲ್ಲಿ 23 ಕೆ.ಜಿ. ಇನ್ನು ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ನೀವು 80ರಲ್ಲಿ ಹೋದರೂ ಎದೆಗೆ ಬಡಿಯುವುದು 100ರ ಗಾಳಿಯೇ. ಹಾಗಾಗಿ ಗಾಳಿ ಜಾಸ್ತಿ ಇದ್ದ ದಿನ ಎಲ್ಲಕ್ಕಿಂತ ಸುಲಭದ ಉಪಾಯ ಆಕ್ಸಿಲರೇಟರ್ ಸಡಿಲಿಸುವುದು. 90ರಿಂದ 70ಕ್ಕೆ ಇಳಿದರೆ ಒತ್ತಡ ಶೇ. 40ರಷ್ಟು ಕಡಿಮೆಯಾಗುತ್ತದೆ. ನಮ್ಮ ಚತುಷ್ಪಥದಲ್ಲಿ ಬೈಕಿಗೆ ಇರುವ ಮಿತಿ ಹೇಗೂ 80. 70ರಲ್ಲಿ ಹೋದರೆ ಉಡುಪಿಗೆ ಐದಾರು ನಿಮಿಷ ತಡವಾಗಬಹುದು, ಅಷ್ಟೇ ಅಲ್ವಾ?

ಈಗ ಮುಖ್ಯ ಮಾತು. ಕೈ ಬಿಗಿ ಮಾಡಬೇಡಿ. ಗಾಳಿ ಬಡಿದ ಕೂಡಲೇ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿಯುವುದು ಎಲ್ಲರ ಅಭ್ಯಾಸ, ಆದರೆ ಬೈಕ್ ಅಲ್ಲಾಡುವುದು ಶುರುವಾಗುವುದೇ ಅಲ್ಲಿ. ಗಾಳಿ ಬಡಿಯುವುದು ನಿಮ್ಮ ಎದೆಗೆ, ಭುಜಕ್ಕೆ. ತೋಳು ಸೆಟೆದಿದ್ದರೆ ಮೈ ಓಲಾಡಿದ್ದೆಲ್ಲ ನೇರ ಹ್ಯಾಂಡಲಿಗೆ ಇಳಿಯುತ್ತದೆ, ಮುಂದಿನ ಚಕ್ರ ಆಚೆ ಈಚೆ ತಿರುಗುತ್ತದೆ, ಬೈಕ್ ತೂಗಾಡುತ್ತದೆ, ನೀವು ಹೆದರಿ ಇನ್ನೂ ಗಟ್ಟಿ ಹಿಡಿಯುತ್ತೀರಿ, ಅದು ಇನ್ನೂ ತೂಗಾಡುತ್ತದೆ. ವೇಗದಲ್ಲಿ ಓಡುವ ಬೈಕಿಗೆ ತಾನಾಗಿಯೇ ನೆಟ್ಟಗೆ ನಿಲ್ಲುವ ಗುಣ ಉಂಟು. ಅದಕ್ಕೆ ಅವಕಾಶ ಕೊಡಬೇಕು.

ಹಾಗಾದರೆ ಮೈಯನ್ನು ಹಿಡಿದು ನಿಲ್ಲಿಸುವುದು ಯಾವುದು? ಕಾಲು ಮತ್ತು ಸೊಂಟ. ಎರಡೂ ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ. ಪಾದದ ಮುಂಭಾಗ ಫುಟ್‌ರೆಸ್ಟ್ ಮೇಲೆ ಇರಲಿ. ಸೊಂಟದಿಂದ ಮೇಲಿನ ಭಾಗವನ್ನು ಸ್ವಲ್ಪವೇ ಮುಂದಕ್ಕೆ ಬಾಗಿಸಿ, ಮೊಣಕೈ ಮಡಚಿ, ಭುಜ ಕೆಳಗೆ ಬಿಡಿ. ಸರಿಯಾಗಿ ಬಾಗಿದರೆ ಎದುರಿನ ಗಾಳಿಯೇ ನಿಮ್ಮ ಎದೆಯ ಭಾರವನ್ನು ಹೊರುತ್ತದೆ, ಮಣಿಕಟ್ಟಿನ ಮೇಲೆ ಏನೂ ಬೀಳುವುದಿಲ್ಲ. ಸರಿ ಕೂತಿದ್ದೀರಾ ಅಂತ ನೋಡಲು ಒಂದು ದಾರಿ ಹೇಳುತ್ತೇನೆ: ಓಡಿಸುತ್ತಿರುವಾಗಲೇ ಎರಡೂ ಕೈಯ ಬೆರಳುಗಳನ್ನು ಹ್ಯಾಂಡಲಿನ ಮೇಲೆಯೇ ಒಮ್ಮೆ ಸಡಿಲ ಮಾಡಿ, ಮೊಣಕೈಯನ್ನು ಮೇಲೆ ಕೆಳಗೆ ಸ್ವಲ್ಪ ಆಡಿಸಿ. ಆಗ ಮೈ ಹಿಂದಕ್ಕೆ ಜಾರಿತು ಅಂದರೆ ನೀವು ಇಷ್ಟು ಹೊತ್ತು ಹ್ಯಾಂಡಲಿಗೆ ಜೋತು ಬಿದ್ದಿದ್ದಿರಿ ಅಂತ ಅರ್ಥ. ನೀಳ ಎತ್ತರದ ಹ್ಯಾಂಡಲ್ ಹಾಕಿಸಿಕೊಂಡವರಿಗೆ ಇದು ಜಾಸ್ತಿ ಆಗುತ್ತದೆ. ಊರೊಳಗೆ ಆ ಹ್ಯಾಂಡಲ್ ಆರಾಮ, ಹೈವೇಯಲ್ಲಿ ಅದು ಎದೆಯನ್ನು ಪೂರ್ತಿ ಗಾಳಿಗೆ ತೆರೆದಿಡುತ್ತದೆ.

ನಮ್ಮ ಕರಾವಳಿಯ ನಿಜವಾದ ತೊಂದರೆ ಪಕ್ಕದ ಗಾಳಿ. ರಾಷ್ಟ್ರೀಯ ಹೆದ್ದಾರಿ 66 ಕಡಲಿನ ಪಕ್ಕದಲ್ಲೇ ದಕ್ಷಿಣೋತ್ತರವಾಗಿ ಹೋಗುತ್ತದೆ. ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಇದು ಜೋರು, ಸಂಜೆ ಬಿಸಿಲು ಇಳಿದ ಮೇಲೆ ಕಡಿಮೆ. ಅಂದರೆ ಉಡುಪಿ ಕಡೆ ಹೋಗುವಾಗ ಗಾಳಿ ಎಡಗಡೆಯಿಂದ, ಮಂಗಳೂರಿಗೆ ವಾಪಸ್ ಬರುವಾಗ ಬಲಗಡೆಯಿಂದ. ಇಷ್ಟು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಬೆಳಿಗ್ಗೆ ಬೇಗ ಹೊರಟರೆ ಈ ತಾಪತ್ರಯವೇ ಇರುವುದಿಲ್ಲ.

ತೋಟ, ಅಂಗಡಿ, ಕಟ್ಟಡ ಇರುವಲ್ಲಿ ಗಾಳಿಗೆ ತಡೆ ಇರುತ್ತದೆ. ಅದು ಮುಗಿದು ಸೇತುವೆ ಬಂದಾಗ ಒಮ್ಮೆಲೇ ಬಡಿಯುತ್ತದೆ. ಕೂಳೂರು ಸೇತುವೆ, ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ಸೇತುವೆ, ಉದ್ಯಾವರ ಸೇತುವೆ, ಉಡುಪಿ ದಾಟಿದರೆ ಕಲ್ಯಾಣಪುರದಲ್ಲಿ ಸ್ವರ್ಣಾ ನದಿಯ ಸೇತುವೆ, ಎಲ್ಲ ಕಡೆಯೂ ಇದೇ ಕಥೆ. ಇತ್ತ ತೊಕ್ಕೊಟ್ಟಿಗೆ ಹೋಗುವವರಿಗೆ ನೇತ್ರಾವತಿ ಸೇತುವೆ. ಕುಂದಾಪುರ ದಾಟಿ ಮರವಂತೆಯಲ್ಲಂತೂ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ಗಾಳಿಗೆ ಅಡ್ಡ ಅನ್ನುವುದೇ ಇಲ್ಲ. ಸೇತುವೆ ಹತ್ತುವ ಮೊದಲೇ ವೇಗ ಇಳಿಸಿ. ಮೇಲೆ ಹೋದ ಮೇಲೆ ಗಾಬರಿಯಲ್ಲಿ ಬ್ರೇಕ್ ಹಿಡಿಯಬೇಡಿ.

ಗಾಳಿ ಎಷ್ಟು ಉಂಟು ಅಂತ ಮೊದಲೇ ತಿಳಿಯಬೇಕಾದರೆ ತೆಂಗಿನ ಮರ ನೋಡಿ. ಗರಿಗಳು ಸುಮ್ನೆ ಅಲುಗುತ್ತಿದ್ದರೆ ಪರವಾಗಿಲ್ಲ. ಕಡಲ ಬದಿಯ ಗರಿಗಳೆಲ್ಲ ಕಾಂಡಕ್ಕೆ ಒತ್ತಿಕೊಂಡು ಆಚೆ ಬದಿಯವು ನೆಟ್ಟಗೆ ಚಾಚಿಕೊಂಡಿದ್ದರೆ ಮುಂದಿನ ಬಯಲಿನಲ್ಲಿ ಒಂದು ಏಟು ಖಂಡಿತ ಕಾದಿದೆ. ಪಕ್ಷದ ಬಾವುಟ, ಜಾತ್ರೆಯ ಬ್ಯಾನರ್, ರಸ್ತೆ ಬದಿಯ ಹುಲ್ಲು ಕೂಡ ಇದನ್ನೇ ಹೇಳುತ್ತವೆ.

ಪಕ್ಕದಿಂದ ಗಾಳಿ ತಳ್ಳಿದಾಗ ಮಾಡಬೇಕಾದದ್ದು ಇಷ್ಟು. ಗಾಳಿ ಎಡದಿಂದ ಬಂದರೆ ಎಡಗಡೆಯ ಗ್ರಿಪ್ಪನ್ನು ಅಂಗೈಯಿಂದ ಮೆತ್ತಗೆ ಮುಂದಕ್ಕೆ ಒತ್ತಿ. ಬೈಕ್ ಎಡಕ್ಕೆ ವಾಲುತ್ತದೆ, ಗಾಳಿಗೆ ಒರಗಿಕೊಂಡ ಹಾಗೆ ನೇರ ಹೋಗುತ್ತದೆ. ಬಲದಿಂದ ಬಂದರೆ ಬಲಗಡೆಯದನ್ನು ಒತ್ತಿ. ಓದುವಾಗ ಉಲ್ಟಾ ಅನಿಸಬಹುದು. ವಾಹನ ಇಲ್ಲದ ನೇರ ರಸ್ತೆಯಲ್ಲಿ 50ರ ವೇಗದಲ್ಲಿ ಒಮ್ಮೆ ಮಾಡಿ ನೋಡಿ, ಕೈಗೆ ತಾನಾಗಿ ಗೊತ್ತಾಗುತ್ತದೆ. ಗಾಳಿ ನಿಂತ ಕೂಡಲೇ ಒತ್ತುವುದನ್ನೂ ಬಿಡಬೇಕು, ಇಲ್ಲದಿದ್ದರೆ ಬೈಕ್ ಆ ಕಡೆಗೇ ನುಗ್ಗುತ್ತದೆ. ಲೇನಿನಲ್ಲಿ ಕೂಡ ಗಾಳಿ ಬರುವ ಬದಿಗೆ ಸ್ವಲ್ಪ ಸರಿದಿರಿ. ಆಗ ಒಂದಡಿ ಎರಡಡಿ ತಳ್ಳಿದರೂ ನಿಮ್ಮ ಲೇನಿನಲ್ಲೇ ಇರುತ್ತೀರಿ.

ಇನ್ನು ಲಾರಿ, ಟ್ಯಾಂಕರ್. ಪಣಂಬೂರು–ಸುರತ್ಕಲ್ ಸುತ್ತಮುತ್ತ ಓಡಿಸುವವರಿಗೆ ಇದು ದಿನನಿತ್ಯದ ವಿಷಯ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಮಧ್ಯಾಹ್ನ ಉಡುಪಿ ಕಡೆ ಹೋಗುತ್ತಿದ್ದೀರಿ, ಮುಂದೆ ಒಂದು ಗ್ಯಾಸ್ ಟ್ಯಾಂಕರ್ ಇದೆ. ಅದರ ಬೆನ್ನಿಗೆ ಹತ್ತಿರ ಹೋದಂತೆ ಹೆಲ್ಮೆಟ್ ಗಡಗಡ ಅಲುಗುತ್ತದೆ, ಅಲ್ಲಿನ ಗಾಳಿ ಒಡೆದು ಸುತ್ತುತ್ತಿರುತ್ತದೆ. ಅಲ್ಲಿ ನಿಲ್ಲಬೇಡಿ, ಹಿಂದೆ ದೂರ ಇರಿ ಅಥವಾ ಜಾಗ ನೋಡಿ ಓವರ್‌ಟೇಕ್ ಮಾಡಿ. ಬಲಕ್ಕೆ ಬಂದು ಟ್ಯಾಂಕರಿನ ಪಕ್ಕ ಸೇರಿದ ಕೂಡಲೇ ಕಡಲ ಗಾಳಿ ನಿಲ್ಲುತ್ತದೆ, ಟ್ಯಾಂಕರ್ ಅಡ್ಡ ನಿಂತಿದೆಯಲ್ಲ. ಇಷ್ಟು ಹೊತ್ತು ಎಡಕ್ಕೆ ಒತ್ತುತ್ತಿದ್ದ ಕೈ ಹಾಗೇ ಒತ್ತುತ್ತಿದ್ದರೆ ಬೈಕ್ ಟ್ಯಾಂಕರಿನ ಚಕ್ರದ ಕಡೆಗೆ ಹೋಗುತ್ತದೆ. ಕೈ ಸಡಿಲಿಸಿ. ಕ್ಯಾಬಿನ್ ದಾಟುವಾಗ ಟ್ಯಾಂಕರ್ ಮುಂದಕ್ಕೆ ತಳ್ಳುತ್ತಿರುವ ಗಾಳಿ ಮತ್ತು ಕಡಲ ಗಾಳಿ ಎರಡೂ ಸೇರಿ ಎಡದಿಂದ ಬಡಿಯುತ್ತವೆ, ಡಿವೈಡರ್ ಕಡೆಗೆ ದೂಡುತ್ತವೆ. ಅದೇ ಕ್ಷಣಕ್ಕೆ ಎಡಗೈ ತಯಾರಿರಲಿ. ಎಷ್ಟೋ ಜನ ಅಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ, ಟ್ಯಾಂಕರಿನ ಮೂತಿಯ ಮುಂದೆ ನಿಧಾನ ಆಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ವೇಗದಲ್ಲಿ ಪೂರ್ತಿ ದಾಟಿ, ಆಮೇಲೆ ಎಡಕ್ಕೆ ಬನ್ನಿ.

ವಾಪಸ್ ಬರುವಾಗ ಲೆಕ್ಕ ಬೇರೆ. ಗಾಳಿ ಬಲದಿಂದ, ಲಾರಿ ನಿಮ್ಮ ಎಡಕ್ಕೆ. ಈಗ ಗಾಳಿ ನಿಮ್ಮನ್ನು ತಳ್ಳುವುದು ಲಾರಿಯ ಕಡೆಗೇ, ನಡುವೆ ಯಾವ ತಡೆಯೂ ಇಲ್ಲ. ನನ್ನ ಪ್ರಕಾರ ಈ ರಸ್ತೆಯಲ್ಲಿ ಜಾಸ್ತಿ ಎಚ್ಚರ ಬೇಕಾದದ್ದು ಇಲ್ಲೇ. ಲಾರಿಗೂ ನಿಮಗೂ ಮಾಮೂಲಿಗಿಂತ ಹೆಚ್ಚು ಜಾಗ ಬಿಡಿ. ಗಾಳಿ ಜೋರಾಗಿದ್ದು ಸೇತುವೆ ಹತ್ತಿರ ಬಂತು ಅಂದರೆ ಓವರ್‌ಟೇಕ್ ಮಾಡದೆ ಹಿಂದೆಯೇ ಇದ್ದು ಸೇತುವೆ ದಾಟಿದ ಮೇಲೆ ಮಾಡಿ. ಎಕ್ಸ್‌ಪ್ರೆಸ್ ಬಸ್ಸು ನಿಮ್ಮನ್ನು ಹಿಂದೆ ಹಾಕುವಾಗಲೂ ಇದೇ ಯೋಚನೆ ಇರಲಿ. ಉಡುಪಿ ಕಡೆ ಹೋಗುವಾಗ ಬಸ್ಸು ಬಲಕ್ಕೆ, ಗಾಳಿ ಎಡದಿಂದ, ಅಂದರೆ ತಳ್ಳುವುದು ಬಸ್ಸಿನ ಕಡೆಗೆ. ಕನ್ನಡಿಯಲ್ಲಿ ಬಸ್ಸು ಕಂಡ ಕೂಡಲೇ ಲೇನಿನ ಎಡಕ್ಕೆ ಸರಿದು ಅದಕ್ಕೆ ದಾರಿ ಬಿಡಿ.

ಹೆಲ್ಮೆಟ್ ವಿಷಯ. ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್ಟೇ ಬೇಕು, ಅದು ಸರಿಯಾದ ಅಳತೆಯದ್ದಾಗಿರಬೇಕು. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ದೊಡ್ಡ ಅಳತೆಯ ಹೆಲ್ಮೆಟ್ಟನ್ನು ಗಾಳಿ ಮೇಲಕ್ಕೆತ್ತುತ್ತದೆ, ಕುತ್ತಿಗೆ ನೋವು ಅಲ್ಲಿಂದಲೇ ಬರುತ್ತದೆ. ಮುಂದೆ ಉದ್ದ ತೊಪ್ಪಿಯಂಚು ಇರುವ ಆಫ್‌ರೋಡ್ ಹೆಲ್ಮೆಟ್ ನೋಡಲು ಚೆಂದ, ಹೈವೇಯಲ್ಲಿ ಬೇಡ. ವೈಸರ್ ಪೂರ್ತಿ ಮುಚ್ಚಿ. ಕಿವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಿ. ಹೈವೇ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದು 90 ಡೆಸಿಬಲ್ ದಾಟುತ್ತದೆ, ದಿನಾ ಓಡಾಡಿದರೆ ಕಿವಿ ಹಾಳಾಗುವಷ್ಟು ಅದು. ಇಯರ್‌ಪ್ಲಗ್ ಹಾಕಿದರೂ ಹಾರ್ನ್ ಕೇಳುತ್ತದೆ. ಸದ್ದು ಇಳಿದರೆ ಸುಸ್ತೂ ಇಳಿಯುತ್ತದೆ, ಮೊದಲ ದಿನವೇ ವ್ಯತ್ಯಾಸ ತಿಳಿಯುತ್ತದೆ.

ಬಟ್ಟೆ ಮೈಗೆ ಅಂಟಿದಂತಿರಲಿ. ಪಟಪಟ ಹೊಡೆದುಕೊಳ್ಳುವ ಶರ್ಟು, ಗುಂಡಿ ಹಾಕದ ಜಾಕೆಟ್, ದೋಣಿಯ ಹಾಯಿಯ ಹಾಗೆ ಉಬ್ಬುವ ಅಗ್ಗದ ರೈನ್‌ಕೋಟ್, ಇವೆಲ್ಲ ನಿಮ್ಮನ್ನು ಹಿಂದಕ್ಕೆ ಎಳೆಯುತ್ತವೆ. ರೈನ್‌ಕೋಟಿನ ಕುತ್ತಿಗೆ, ಮಣಿಕಟ್ಟು, ಸೊಂಟ ಮೂರೂ ಕಡೆ ಬಿಗಿ ಮಾಡಿ. ಬೆನ್ನ ಬ್ಯಾಗಿನ ಎದೆಯ ಪಟ್ಟಿ ಹಾಕಿ, ಜೋತಾಡುವ ತುದಿಗಳನ್ನು ಸಿಕ್ಕಿಸಿಡಿ. ಸಾಧ್ಯವಾದರೆ ಬ್ಯಾಗನ್ನು ಟ್ಯಾಂಕ್ ಮೇಲೆ ಕಟ್ಟಿ, ಹೊಟ್ಟೆ ಎದೆಗೆ ಬಡಿಯುವ ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ. ಹಿಂದೆ ಎತ್ತರದ ಟಾಪ್ ಬಾಕ್ಸ್ ಇದ್ದರೆ ಪಕ್ಕದ ಗಾಳಿ ಅದನ್ನೇ ಹಿಡಿದು ತಳ್ಳುತ್ತದೆ, ಭಾರದ ಸಾಮಾನು ಅದರಲ್ಲಿ ತುಂಬಬೇಡಿ. ಹಿಂದೆ ಕೂತವರು ನಿಮಗೆ ಹತ್ತಿರ ಕೂರಲಿ, ಸೆರಗು, ದುಪಟ್ಟಾ ಎಲ್ಲ ಸುತ್ತಿ ಸಿಕ್ಕಿಸಿಕೊಳ್ಳಲಿ. ಅದು ಹಾರಿ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ವಿಂಡ್‌ಶೀಲ್ಡ್ ಹಾಕಿಸಬೇಕಾ ಅಂತ ತುಂಬ ಜನ ಕೇಳುತ್ತಾರೆ. ಹಾಕಿಸಬಹುದು, ಆದರೆ ಎತ್ತರ ನೋಡಿ ಹಾಕಿಸಿ. ಶೀಲ್ಡಿನ ಮೇಲಂಚಿನಿಂದ ಚಿಮ್ಮಿದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿಯುವಂತಿದ್ದರೆ ಮೊದಲಿಗಿಂತ ಕಷ್ಟ ಆಗುತ್ತದೆ, ತಲೆ ಅಲುಗಾಡಿ ಕಣ್ಣೇ ಮಂಜಾಗುತ್ತದೆ. ಎದೆಗೆ ಗಾಳಿ ತಪ್ಪಿಸಿ ತಲೆಯನ್ನು ಸುಳಿಯಿಲ್ಲದ ಗಾಳಿಯಲ್ಲಿ ಬಿಡುವ ಚಿಕ್ಕ ಶೀಲ್ಡ್ ನಮ್ಮ ಸೆಕೆಗೂ ಒಳ್ಳೆಯದು. ಗೆಳೆಯರ ಬೈಕಿನಲ್ಲಿ ಇದ್ದರೆ ಅದನ್ನು ಒಮ್ಮೆ ಓಡಿಸಿ, ಸೀಟಿನಲ್ಲಿ ಸ್ವಲ್ಪ ಬಗ್ಗಿ, ಸ್ವಲ್ಪ ಎದ್ದು, ಅಲುಗಾಟ ಎಲ್ಲಿ ನಿಲ್ಲುತ್ತದೆ ನೋಡಿ ಆಮೇಲೆ ದುಡ್ಡು ಹಾಕಿ. ಹ್ಯಾಂಡಲಿಗೆ ಅಥವಾ ಫೋರ್ಕಿಗೆ (ಮುಂದಿನ ಚಕ್ರ ಹಿಡಿದ ಎರಡು ಕೊಳವೆ) ಕಟ್ಟುವ ದೊಡ್ಡ ಶೀಲ್ಡ್ ಬೇಡ ಅಂತಲೇ ಹೇಳುತ್ತೇನೆ, ಪಕ್ಕದ ಗಾಳಿ ಅದನ್ನು ಹಿಡಿದು ಹ್ಯಾಂಡಲನ್ನೇ ತಿರುಗಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಬೈಕ್ ತೂಗಾಡಿದರೆ ಗಾಳಿಯನ್ನು ಬೈಯುವ ಮೊದಲು ಬೈಕ್ ನೋಡಿ. ಟಯರಿನ ಗಾಳಿ ಕಂಪನಿ ಹೇಳಿದಷ್ಟು ಇದೆಯಾ? ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಲೂಸ್ ಆಗಿದೆಯಾ? ಮೇನ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಅದುಮಿ ಹಿಡಿಯಲಿ, ಮುಂದಿನ ಚಕ್ರ ಮೇಲೆ ಬರುತ್ತದೆ. ಫೋರ್ಕಿನ ಕೆಳಗಿನ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಟಕ್ ಅಂತ ಕೈಗೆ ತಿಳಿದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಹ್ಯಾಂಡಲ್ ತಿರುಗಿಸುವಾಗ ನಡುವಿನಲ್ಲಿ ಸಿಕ್ಕಿಕೊಂಡ ಹಾಗೆ ಆದರೂ ಕೋನ್‌ಸೆಟ್ ಬದಲಿಸುವ ಕಾಲ ಬಂತು ಅಂತಲೇ. ಹಿಂದಿನ ಚಕ್ರವನ್ನೂ ಪಕ್ಕಕ್ಕೆ ಅಲ್ಲಾಡಿಸಿ ನೋಡಿ, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದ ತೋಳು) ಬುಶ್ ಸವೆದಿದ್ದರೆ ಗೊತ್ತಾಗುತ್ತದೆ.

ಜೂನ್ ಬಂದರೆ ನೈಋತ್ಯದ ಗಾಳಿ ಮಳೆಯ ಜೊತೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮುಂಚಿನ ಗಾಳಿಯಂತೂ ಯಾವ ದಿಕ್ಕಿನಿಂದ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಧೂಳು ಎದ್ದು ಆಕಾಶ ಕಪ್ಪಾದರೆ ನಿಲ್ಲಿಸಿಬಿಡಿ. ಮರದಡಿ ಬೇಡ, ಹೋರ್ಡಿಂಗ್ ಕೆಳಗಂತೂ ಬೇಡವೇ ಬೇಡ. ಪೆಟ್ರೋಲ್ ಬಂಕ್, ಹೋಟೆಲ್, ಯಾವುದಾದರೂ ಗಟ್ಟಿ ಮಾಡಿನ ಅಡಿ ಸೇರಿಕೊಳ್ಳಿ. ಕಣ್ಣು ಒಣಗಿದೆ, ಬೆರಳು ಮರಗಟ್ಟಿದೆ, ಮುಂದಿನ ವಾಹನದ ದೂರ ಸರಿಯಾಗಿ ಅಂದಾಜಾಗುತ್ತಿಲ್ಲ ಅನಿಸಿದರೂ ನಿಲ್ಲಿಸಿ. ಗಾಳಿ ಮೈಯ ನೀರನ್ನು ಎಳೆಯುತ್ತದೆ, ಬೆವರು ಕಾಣದ ಕಾರಣ ಬಾಯಾರಿದ್ದು ತಿಳಿಯುವುದಿಲ್ಲ. ಒಂದು ಬೊಂಡ (ಎಳನೀರು) ಕುಡಿದು ಹತ್ತು ನಿಮಿಷ ಕೂತು ಹೊರಡಿ.

ನಿಲ್ಲಿಸುವಾಗ ಇನ್ನೊಂದು ನೋಡಿಕೊಳ್ಳಿ. ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ. ಉಡುಪಿ ಕಡೆ ಮುಖ ಮಾಡಿ ನಿಲ್ಲಿಸಿದರೆ ಕಡಲ ಗಾಳಿಯೂ ಎಡದಿಂದಲೇ ಬಂದು ಬೈಕನ್ನು ಬಲಕ್ಕೆ ಎತ್ತಿ ಬೀಳಿಸಬಹುದು, ಹಗುರದ ಬೈಕಾದರೆ ಇನ್ನೂ ಸುಲಭ. ಬೈಕಿನ ಮೂತಿಯನ್ನು ಕಡಲ ಕಡೆಗೆ ತಿರುಗಿಸಿ, ಮೊದಲ ಗೇರಿಗೆ ಹಾಕಿ ನಿಲ್ಲಿಸಿ.