ಗ್ರಾನೈಟ್ ಕೊಳ್ಳುವ ಮೊದಲು ಹೊಗೆಯ ದಾರಿ ನೋಡಿ

ಕಲಬುರಗಿಯಲ್ಲಿ ಮನೆ ಕಟ್ಟಿಸುವವರ ಜೊತೆ ಮಾತಿಗೆ ಕುಳಿತರೆ ಮೊದಲು ಬರುವುದು ನೆಲಹಾಸಿನ ಮಾತು, ಆಮೇಲೆ ಮುಂಬಾಗಿಲಿನ ಸಾಗುವಾನಿಯ ಮಾತು. ರೊಟ್ಟಿ ಸುಡುವಾಗ ಏಳುವ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ತೀರ ಕಡಿಮೆ. ಮನೆಯೊಳಗಿನ ಗಾಳಿಯನ್ನು ಹೆಚ್ಚು ಹೊತ್ತು ಉಸಿರಾಡುವವರು ಹೆಂಗಸರು, ಎಳೆಯ ಮಕ್ಕಳು ಮತ್ತು ಮುಪ್ಪಿನವರು. ನಕ್ಷೆ ಬರೆಸುವಾಗ ಅವರನ್ನು ಯಾರೂ ಕೇಳುವುದಿಲ್ಲ ಎಂಬುದು ನನ್ನ ಬೇಸರ. ಹೊಸ ಮನೆಯಾಗಲಿ ಹಳೆಯದಾಗಲಿ, ಅದರ ಆರೋಗ್ಯವನ್ನು ನೀವೇ ಪರೀಕ್ಷಿಸಬಹುದು. ರಿಪೇರಿಗೆ ಹಣ ಹಾಕುವುದು ಆಮೇಲಿನ ಮಾತು.

ಮೊದಲ ಹೆಜ್ಜೆ: ಒಂದು ದಿನದ ಲೆಕ್ಕ

ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಬಿಸಿಲು ಬೀಳದ ಕಡೆ, ಮಂಚದ ಎತ್ತರದಲ್ಲಿಡಿ. ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 6 ಮತ್ತು ರಾತ್ರಿ 10 ಗಂಟೆಗೆ ಪ್ರತಿ ಕೋಣೆಯ ಅಂಕಿಗಳನ್ನೂ ಹೊರಗಿನ ನೆರಳಿನ ಅಂಕಿಯನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮಧ್ಯಾಹ್ನದ ಅಂಕಿ ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಗಮನಿಸಬೇಕಾದದ್ದು ರಾತ್ರಿ 10ರ ಅಂಕಿಯನ್ನು. ಹೊರಗೆ ತಣ್ಣಗಾದ ಮೇಲೂ ಒಳಗೆ ಕಾದಿದ್ದರೆ ಛಾವಣಿ ಅಥವಾ ಪಶ್ಚಿಮದ ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟು ಈಗ ಬಿಡುತ್ತಿದೆ ಎಂದರ್ಥ. ಅಂಗೈಯನ್ನು ಗೋಡೆಗಿಟ್ಟರೆ ಯಾವುದೆಂದು ತಿಳಿಯುತ್ತದೆ.

ಎರಡನೆಯದು ಅಡುಗೆಮನೆ

ನನ್ನ ತಾಯಿ ದಿನಾ ಎರಡು ಗಂಟೆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ಕೆಮ್ಮನ್ನು ನಾವೆಲ್ಲ ವಯಸ್ಸಿನ ಕೆಮ್ಮು ಎಂದುಕೊಂಡೆವು. ಒಲೆಯ ಮೇಲ್ಭಾಗದ ಗೋಡೆಗೆ ಒಂದು ಜಾಲಂದ್ರವೂ ಇರಲಿಲ್ಲ. ಆ ಅಡುಗೆಮನೆ ನೆನಪಾದಾಗಲೆಲ್ಲ ಈಗಲೂ ನನಗೆ ಸಂಕಟವಾಗುತ್ತದೆ. ಕಟ್ಟಿಗೆ, ಬೆರಣಿಯಂಥ ಉರುವಲಿನಿಂದ ಮನೆಯೊಳಗೆ ತುಂಬುವ ಹೊಗೆಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಬಲಿಯಾದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗ್ಯಾಸ್ ಒಲೆ ಬಂದ ಮೇಲೆ ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಅದರ ಉರಿಯಲ್ಲೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಹಂಚಿನ ಮೇಲೆ ಸೀಯುವ ಹಿಟ್ಟು ಮತ್ತು ಒಗ್ಗರಣೆಯ ಎಣ್ಣೆ ಸಣ್ಣ ಕಣಗಳನ್ನು ಎಬ್ಬಿಸುತ್ತವೆ.

ಪರೀಕ್ಷೆ ಸುಲಭ. ಅಡುಗೆಯ ಹೊತ್ತಿನಲ್ಲಿ ಬಾಗಿಲು, ಕಿಟಕಿಗಳು ಎಂದಿನಂತೆಯೇ ಇರಲಿ. ಒಂದು ಊದುಬತ್ತಿ ಹಚ್ಚಿ ಒಲೆಯ ಪಕ್ಕದಲ್ಲಿ ಹಿಡಿಯಿರಿ. ಹೊಗೆಯ ಎಳೆ ನೇರ ಹೊರಗೆ ಹೋದರೆ ಚಿಂತೆಯಿಲ್ಲ. ಪಡಸಾಲೆಯ ಕಡೆ ತಿರುಗಿದರೆ ಇಡೀ ಮನೆ ಅದನ್ನು ಉಸಿರಾಡುತ್ತಿದೆ. ಎದ್ದು ಅಲ್ಲೇ ಸುತ್ತುತ್ತಿದ್ದರೆ ಅದು ಅಡುಗೆ ಮಾಡುವವರ ಎದೆಗೆ ಇಳಿಯುತ್ತಿದೆ.

ಎಕ್ಸಾಸ್ಟ್ ಫ್ಯಾನ್ ಒಲೆ ಇರುವ ಗೋಡೆಯಲ್ಲೇ ಎತ್ತರದಲ್ಲಿರಬೇಕು, ಹೊಸ ಗಾಳಿ ಎದುರು ಬದಿಯಿಂದ ಬರಬೇಕು. ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದಿಟ್ಟರೆ ಅದು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ, ಹೊಗೆ ಇದ್ದಲ್ಲೇ ಉಳಿಯುತ್ತದೆ. ಹೊರಕ್ಕೆ ಕೊಳವೆಯೇ ಇಲ್ಲದ ಚಿಮಣಿ ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆ, ಆದರೆ ಒಲೆಯ ಅನಿಲವನ್ನು ತಿರುಗಿ ಕೋಣೆಗೇ ಬಿಡುತ್ತದೆ. ಕೊಳ್ಳುವ ಮುನ್ನ ಇದನ್ನು ಕೇಳಿಯೇ ಕೊಳ್ಳಿ.

ಗ್ಯಾಸ್ ಗೀಸರ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದನ್ನು ಎಂದಿಗೂ ಬಚ್ಚಲುಮನೆಯೊಳಗೆ ಹಾಕಿಸಬೇಡಿ. ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾದಂತೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಗೀಸರ್ ಹೊರಗಿನ ಗೋಡೆಗಿರಲಿ, ಕೊಳಾಯಿ ಮಾತ್ರ ಒಳಗೆ ಬರಲಿ. ಚಳಿಗಾಲದಲ್ಲಿ ಬಾಣಂತಿಯ ಕೋಣೆಯಲ್ಲಿಡುವ ಇದ್ದಿಲ ಕೆಂಡಕ್ಕೂ ಇದೇ ಎಚ್ಚರಿಕೆ ಬೇಕು.

ಛಾವಣಿ

ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಹಾಸು, ನಡುವೆ ಬೆಳಕಿಂಡಿ ಇರುತ್ತಿದ್ದವು. ಬಿಸಿ ಗಾಳಿ ಬೆಳಕಿಂಡಿಯಿಂದ ಮೇಲಕ್ಕೆ ಹೋಗುತ್ತಿತ್ತು. ಈಗಿನ ನಾಲ್ಕೈದು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ನಮ್ಮ ಮೇಲೆ ಬಿಸಿ ಸುರಿಯುತ್ತದೆ. ಅಗ್ಗದ ಉಪಾಯ ಸುಣ್ಣ. ಮಾರ್ಚ್ ಮೊದಲ ವಾರದಲ್ಲಿ ಛಾವಣಿ ಗುಡಿಸಿ, ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಮೂರು ಬಾರಿ ಬಳಿಯಿರಿ. ಮಳೆಗೆ ಅದು ತೊಳೆದು ಹೋಗುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಮಾಡಬೇಕು. ಹೆಚ್ಚು ಬಾಳಿಕೆ ಬೇಕೆಂದರೆ ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಹಾಸಿಸಿ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿದೆ. ಅಲ್ಲಿಗಿಂತ ನಮ್ಮ ಬಿಸಿಲೇನೂ ಕಡಿಮೆಯಲ್ಲ.

ಸುಣ್ಣ ಬಳಿಯುವ ಹಿಂದಿನ ರಾತ್ರಿಯ ಅಂಕಿಯನ್ನೂ ಬಳಿದ ಮೇಲಿನ ಅಂಕಿಯನ್ನೂ ನೋಟ್‌ಬುಕ್‌ನಲ್ಲಿ ಹೋಲಿಸಿ. ಹೊರಗಿನ ಉಷ್ಣಾಂಶ ಎರಡೂ ದಿನ ಹೆಚ್ಚು ಕಡಿಮೆ ಒಂದೇ ಇದ್ದರೆ ಮಾತ್ರ ಆ ಹೋಲಿಕೆಗೆ ಅರ್ಥ.

ಕಿಟಕಿ ಮತ್ತು ಕೂಲರ್

ನಮ್ಮಂಥ ಒಣ ಬಿಸಿಲಿನ ಸೀಮೆಯಲ್ಲಿ ಕಿಟಕಿಗಳ ವಿಸ್ತೀರ್ಣ ನೆಲದ ಹತ್ತನೇ ಒಂದು ಪಾಲಾದರೂ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 10 ಅಡಿಗೆ 12 ಅಡಿಯ ಕೋಣೆಗೆ 12 ಚದರ ಅಡಿ ಎಂದಾಯಿತು. ಅಷ್ಟನ್ನೂ ಒಂದೇ ಗೋಡೆಗೆ ಕೊಡದೆ ಎರಡು ಗೋಡೆಗಳಿಗೆ ಹಂಚಿದರೆ ಗಾಳಿ ಆಡುತ್ತದೆ.

ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿಡೀ ಕಿಟಕಿ ತೆರೆದಿಡುವುದು ಬಿಸಿಯನ್ನು ಮನೆಗೆ ಕರೆದಂತೆ. ಬೆಳಿಗ್ಗೆ ಹೊರಗಿನ ಅಂಕಿ ಒಳಗಿನದನ್ನು ದಾಟುವ ಹೊತ್ತಿಗೆ ಮುಚ್ಚಿ, ಪರದೆ ಎಳೆಯಿರಿ. ಸಂಜೆ ಹೊರಗಿನ ಅಂಕಿ ಕೆಳಗಿಳಿದ ಮೇಲೆ ಎಲ್ಲವನ್ನೂ ತೆರೆಯಿರಿ. ಸೊಳ್ಳೆ ಜಾಲರಿ ಇಲ್ಲದಿದ್ದರೆ ರಾತ್ರಿ ಕಿಟಕಿ ತೆರೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಆದ್ದರಿಂದ ಫಾಲ್ಸ್ ಸೀಲಿಂಗ್‌ಗೆ ಎತ್ತಿಟ್ಟ ಹಣವನ್ನು ಮೊದಲು ಜಾಲರಿಗೆ ಹಾಕಿ.

ಕೂಲರ್ ಅನ್ನು ಕೋಣೆಯೊಳಗೆ ಇಟ್ಟು ಬಾಗಿಲು ಮುಚ್ಚುವವರು ಬಹಳ. ಅದು ಹೊರಗಿನ ಒಣ ಗಾಳಿಯನ್ನು ಎಳೆದು, ನೀರಿನಲ್ಲಿ ತೋಯಿಸಿ ಒಳಗೆ ಬಿಡುವ ಯಂತ್ರ. ಕಿಟಕಿಗೆ ಹೊಂದಿಸಿ ಕೂರಿಸಿ, ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಗಾಳಿ ಹೊರಗೆ ಹೋಗದಿದ್ದರೆ ಒಂದು ಗಂಟೆಯಲ್ಲಿ ಹಾಸಿಗೆ ತೇವವಾಗುತ್ತದೆ, ಮೈಗೆ ಅಂಟು ಅಂಟಾಗುತ್ತದೆ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿಯ ಒಳಬದಿಯನ್ನು ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ.

ಏಸಿ ಇರುವವರು ತಿಳಿಯಬೇಕಾದದ್ದೂ ಇದೆ. ಮನೆಗಳಲ್ಲಿ ಹಾಕುವ ಸ್ಪ್ಲಿಟ್ ಏಸಿ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಣಿಸುತ್ತದೆ. ನಾಲ್ಕು ಜನ ಮುಚ್ಚಿದ ಕೋಣೆಯಲ್ಲಿ ಮಲಗಿ ಬೆಳಿಗ್ಗೆ ತಲೆಭಾರದಿಂದ ಏಳುತ್ತಿದ್ದರೆ ಬಾಗಿಲನ್ನು ನಾಲ್ಕು ಬೆರಳಗಲ ತೆರೆದಿಟ್ಟು ಮಲಗಿ ನೋಡಿ.

ತೇವ ಮತ್ತು ಧೂಳು

ಸೆಪ್ಟೆಂಬರ್ ಮಳೆಯಲ್ಲಿ ಗೋಡೆಯ ಬುಡ ಉಬ್ಬಿದರೆ ಕೂಡಲೇ ಪುಟ್ಟಿ ಬಳಿಸಬೇಡಿ. ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿಯಲ್ಲಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಮುಂಬದಿಯಲ್ಲಿದ್ದರೆ ಕೋಣೆಯ ಗಾಳಿಯೇ ತೇವವಾಗಿದೆ, ಬಟ್ಟೆ ಒಣಗಿಸುವುದನ್ನು ಹೊರಗೆ ಸಾಗಿಸಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನಮ್ಮಲ್ಲಿ ಬುಡದ ಗೋಡೆ ಸೀಳಿ ನೀರು ಇಳಿಯುವುದು ಹೆಚ್ಚು. ಮನೆಯ ಸುತ್ತ ಮೂರಡಿ ಅಗಲ ಶಹಾಬಾದ್ ಫರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿದರೆ ಮಳೆನೀರು ಬುನಾದಿಯಿಂದ ದೂರ ಹರಿಯುತ್ತದೆ. ಮಣ್ಣಿನಲ್ಲಿ ಕಟ್ಟಿದ ಹಳೆಯ ಕಲ್ಲುಗೋಡೆಗೆ ಸಿಮೆಂಟಿನ ಗಿಲಾವು ಬೇಡ. ಸುಣ್ಣದ ಗಿಲಾವಿನಲ್ಲಿ ತೇವ ಹೊರಗೆ ಆರುತ್ತದೆ, ಸಿಮೆಂಟಿನಲ್ಲಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಧೂಳಿಗೆ ಒಂದೇ ಸಲಹೆ: ಒಣ ಪೊರಕೆಯ ಬದಲು ಒದ್ದೆ ಬಟ್ಟೆ. ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ನಗರಗಳ ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕೇ ಹೆಸರುಗಳಿದ್ದು, ಕಲಬುರಗಿ ಅದರಲ್ಲಿ ಒಂದು.

ಹೊಸದಾಗಿ ಕಟ್ಟಿಸುವವರು

ಸೆಂಟ್ರಿಂಗ್ ಹೊಡೆಯುವ ಮೊದಲು ಗೌಂಡಿಯನ್ನು ಕರೆದು ಬಿಳಿ ಹಾಳೆಯ ಮೇಲೆ ಬರೆದು ಕೊಡಿ: ಒಲೆಯ ಮೇಲೆ ಫ್ಯಾನಿನ ರಂಧ್ರ, ಪ್ರತಿ ಕೋಣೆಗೂ ಎತ್ತರದಲ್ಲಿ ಒಂದು ಜಾಲಂದ್ರ, ಪಶ್ಚಿಮದ ಕಿಟಕಿಗಳಿಗೆ ಆಳವಾದ ಸಜ್ಜಾ, ಬುನಾದಿಯ ಮೇಲೆ ತೇವ ತಡೆಯುವ ಪದರ, ಗೀಸರ್‌ಗೆ ಹೊರಗಿನ ಗೋಡೆ. ಬಣ್ಣದ ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ ಮೀರಿಲ್ಲವೆಂದು ಬರೆದಿರುವುದನ್ನು ಓದಿ ಕೊಳ್ಳಿ. ಅಡುಗೆಮನೆಯ ನೆಲಕ್ಕೆ ಸೀಮೆಸುಣ್ಣದಿಂದ ಒಲೆಯ ಜಾಗ ಗುರುತಿಸಿ, ದಿನಾ ಅಲ್ಲಿ ನಿಲ್ಲುವವರನ್ನೇ ಅಲ್ಲಿ ನಿಲ್ಲಿಸಿ ಗಾಳಿ ಯಾವ ಕಡೆಯಿಂದ ತಾಕುತ್ತದೆ ಎಂದು ಕೇಳಿ. ಕಿಟಕಿಯ ಜಾಗ ಬದಲಿಸಬೇಕೆಂದು ಅವರು ಹೇಳಿದರೆ ಬದಲಿಸಿ. ಆ ದಿನ ಅದಕ್ಕೆ ತಗಲುವುದು ಕೆಲವು ಇಟ್ಟಿಗೆ, ಅರ್ಧ ದಿನದ ಕೂಲಿ.