ಅಂಗಳ ಇಲ್ಲದ ಮನೆಯಲ್ಲಿ ಸಲಾಡ್ ಸೊಪ್ಪು: ಹೊಸದಾಗಿ ಬಂದ ಕುಟುಂಬಗಳಿಗೆ

ಹೊಸ ಊರು, ಹೊಸ ಮನೆ. ಪೆಟ್ಟಿಗೆಗಳನ್ನೇ ಇನ್ನೂ ಪೂರ್ತಿ ಬಿಚ್ಚಿಲ್ಲ, ಆಗಲೇ ಗಿಡ ಯಾಕೆ ಅಂತ ಅನ್ನಿಸಬಹುದು. ಆದರೆ ಸಂಘಕ್ಕೆ ಬರುವ ಹೊಸಬರಲ್ಲಿ ತುಂಬಾ ಜನ ಕೇಳುವುದು ಇದನ್ನೇ: ಅಂಗಳ ಇಲ್ಲ, ಬಾಲ್ಕನಿಯೂ ಇಲ್ಲ, ಏನಾದರೂ ಹಸಿರು ಬೆಳೆಯೋಕೆ ಆಗುತ್ತಾ? ಕಿಟಕಿ ಇದೆ ಅಲ್ವಾ, ಹಾಗಾದರೆ ಆಗುತ್ತದೆ. ಸಲಾಡ್ ಸೊಪ್ಪು ಹೂ ಬಿಡಬೇಕಿಲ್ಲ, ಕಾಯಿ ಕಟ್ಟಬೇಕಿಲ್ಲ, ಬರೀ ಎಲೆ ಬಂದರೆ ಸಾಕು. ಅದಕ್ಕೇ ಟೊಮೆಟೊ, ಮೆಣಸಿನಕಾಯಿ ಕೇಳುವಷ್ಟು ಬಿಸಿಲು ಇದಕ್ಕೆ ಬೇಡ.

ಬೀಜ ತರುವ ಮೊದಲು ಕಿಟಕಿ ನೋಡಿ. ನೀವಿರುವುದು ಭೂಮಿಯ ಉತ್ತರ ಭಾಗದಲ್ಲಾದರೆ ದಕ್ಷಿಣಕ್ಕೆ ತೆರೆಯುವ ಕಿಟಕಿಗೆ ಬೆಳಕು ಜಾಸ್ತಿ, ದಕ್ಷಿಣ ಭಾಗದಲ್ಲಾದರೆ ಉತ್ತರದ ಕಿಟಕಿಗೆ. ಪೂರ್ವ, ಪಶ್ಚಿಮದ ಕಿಟಕಿಗಳೂ ಸೊಪ್ಪಿಗೆ ನಡೆಯುತ್ತವೆ. ಮುಖ್ಯವಾದ ಮಾತು ಏನೆಂದರೆ, ಕುಂಡ ಗಾಜಿನ ಪಕ್ಕದಲ್ಲೇ ಇರಬೇಕು. ಒಂದೆರಡು ಮೀಟರ್ ಒಳಗೆ ಟೇಬಲ್ ಮೇಲೆ ಇಟ್ಟರೆ ನಮ್ಮ ಕಣ್ಣಿಗೆ ರೂಮು ಬೆಳಕಾಗಿಯೇ ಕಾಣುತ್ತದೆ, ಗಿಡದ ಪಾಲಿಗೆ ಅದು ಕತ್ತಲೆ. ಸಸಿ ಉದ್ದಕ್ಕೆ, ಬಿಳಿಚಿಕೊಂಡು, ಕಿಟಕಿ ಕಡೆಗೆ ಕತ್ತು ಚಾಚಿ ಬೆಳೆಯುತ್ತಿದೆ ಅಂದರೆ ಬೆಳಕು ಸಾಲುತ್ತಿಲ್ಲ ಅಂತಲೇ ಅರ್ಥ. ಆಗ ಗೊಬ್ಬರ ಹಾಕಿ ಪ್ರಯೋಜನ ಇಲ್ಲ.

ಮೊದಲ ವಾರವೇ ಏನಾದರೂ ಮೊಳೆಯುವುದನ್ನು ನೋಡಬೇಕು ಅಂತ ಮಕ್ಕಳು ಕಾಯುತ್ತಿದ್ದರೆ ಕ್ರೆಸ್ ಹಾಕಿ. ನಾವು ಅಳ್ವಿ ಅನ್ನುತ್ತೇವಲ್ಲ, ಅದೇ. ಮಣ್ಣೂ ಬೇಡ. ತಟ್ಟೆಯಲ್ಲಿ ಟಿಶ್ಯೂ ಕಾಗದ ನಾಲ್ಕು ಮಡಿಕೆ ಹಾಸಿ, ಒದ್ದೆ ಮಾಡಿ, ಬೀಜ ಉದುರಿಸಿ. ನೀರು ತಾಗಿದ ಸ್ವಲ್ಪ ಹೊತ್ತಿಗೇ ಪ್ರತಿ ಬೀಜದ ಸುತ್ತ ಲೋಳೆಯ ಒಂದು ಪದರ ಬರುತ್ತದೆ, ಅದರಿಂದಲೇ ಬೀಜ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳಿಗೆ ಭೂತಗನ್ನಡಿ ಕೊಟ್ಟು ತೋರಿಸಿ. ಕಾಗದ ಒಣಗಲು ಬಿಡಬೇಡಿ. ಹೆಚ್ಚುಕಡಿಮೆ 7ರಿಂದ 10 ದಿನದಲ್ಲಿ 5 ಸೆಂಟಿಮೀಟರ್ ಎತ್ತರ ಬರುತ್ತದೆ, ಕತ್ತರಿಯಿಂದ ಕತ್ತರಿಸಿ ತಿನ್ನಬಹುದು.

ಅದಾದ ಮೇಲೆ ಲೆಟಿಸ್. ಎಲೆಕೋಸಿನಂತೆ ಉಂಡೆ ಕಟ್ಟುವ ತಳಿ ಬೇಡ, ಬಿಡಿ ಎಲೆಯ ತಳಿ ತನ್ನಿ. 10 ಸೆಂಟಿಮೀಟರ್ ಆಳದ ಯಾವ ಡಬ್ಬಿಯಾದರೂ ಆದೀತು, ತಳದಲ್ಲಿ ತೂತು ಇರಲೇಬೇಕು, ಕೆಳಗೆ ತಟ್ಟೆಯೂ ಇರಲಿ. ಬಾಡಿಗೆ ಮನೆಯಲ್ಲಿ ಕಿಟಕಿ ಕಟ್ಟೆಯ ಮರ ನೀರು ಕುಡಿದು ಉಬ್ಬಿದರೆ ರಿಪೇರಿ ಖರ್ಚು ನಿಮ್ಮ ತಲೆಗೇ ಬರಬಹುದು. ಮಣ್ಣಿನ ಮಿಶ್ರಣವನ್ನು ಮೊದಲೇ ತೇವ ಮಾಡಿ, ಬೀಜವನ್ನು ಮೇಲೆ ತೆಳ್ಳಗೆ ಉದುರಿಸಿ ಬೆರಳಿನಿಂದ ಸುಮ್ನೆ ಒತ್ತಿ, ಅಷ್ಟೇ. ಆಳಕ್ಕೆ ಹೂಳಬೇಡಿ, ಲೆಟಿಸ್‌ನ ಎಷ್ಟೋ ತಳಿಗಳಿಗೆ ಮೊಳೆಯುವಾಗಲೂ ಬೆಳಕು ಬೇಕು. ಇನ್ನೊಂದು ವಿಷಯ: ಬೇಗ ಮೊಳೆಯಲಿ ಅಂತ ಡಬ್ಬಿಯನ್ನು ಹೀಟರ್ ಪಕ್ಕ ಇಡುವವರಿದ್ದಾರೆ. ಲೆಟಿಸ್‌ಗೆ ಇದು ಉಲ್ಟಾ ಹೊಡೆಯುತ್ತದೆ. ಅದಕ್ಕೆ ಹಿಡಿಸುವುದು 15ರಿಂದ 20 ಡಿಗ್ರಿ ಸೆಲ್ಸಿಯಸ್, ಸೆಕೆ 25 ದಾಟಿತು ಅಂದರೆ ಬೀಜ ಮೊಳೆಯದೆ ಹಾಗೇ ಮಲಗಿಬಿಡಬಹುದು.

ಈಗ ನೀರಿನ ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆಯೊಳಗಿನ ಸೊಪ್ಪು ನೀರು ಕಡಿಮೆಯಾಗಿ ಸಾಯುವುದಕ್ಕಿಂತ ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಬಂದ ಮೊದಲ ಚಳಿಗಾಲದಲ್ಲಿ ನಾನು ದಿನಾ ಬೆಳಿಗ್ಗೆ ಎದ್ದ ತಕ್ಷಣ ಒಂದು ಲೋಟ ನೀರು ಹಾಕುತ್ತಿದ್ದೆ. ಹತ್ತನೇ ದಿನ ನೋಡಿದರೆ ಅರ್ಧ ಸಸಿ ಅಡ್ಡ ಮಲಗಿದ್ದವು. ಎಲೆ ಇನ್ನೂ ಹಸಿರಾಗಿಯೇ ಇತ್ತು, ಆದರೆ ಕಾಂಡ ಮಣ್ಣಿಗೆ ತಾಗುವ ಕಡೆ ದಾರದಷ್ಟು ಸಣ್ಣಗಾಗಿ ಕಂದು ತಿರುಗಿತ್ತು. ಒದ್ದೆ ಮಣ್ಣಲ್ಲಿ ಬೆಳೆಯುವ ಶಿಲೀಂಧ್ರದಂಥ ಜೀವಿಗಳ ಕೆಲಸ ಅದು. ಹಾಗೆ ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದಕ್ಕೇ ಗಡಿಯಾರ ನೋಡಿ ನೀರು ಹಾಕಬೇಡಿ. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ, ಇಲ್ಲವೇ ಡಬ್ಬಿಯನ್ನು ಎತ್ತಿ ನೋಡಿ, ಒಂದು ವಾರದಲ್ಲಿ ಒಣ ಡಬ್ಬಿಯ ತೂಕ ಕೈಗೇ ಗೊತ್ತಾಗುತ್ತದೆ. ಒಣಗಿದೆ ಅನ್ನಿಸಿದರೆ ಕೆಳಗಿನ ತಟ್ಟೆಗೆ ನೀರು ಹಾಕಿ, 20 ನಿಮಿಷ ಹೀರಿಕೊಳ್ಳಲಿ, ಉಳಿದದ್ದನ್ನು ಚೆಲ್ಲಿಬಿಡಿ. ಮೇಲ್ಮಣ್ಣು ಒಣಗಿರುವುದರಿಂದ ಕುಂಡದ ಸುತ್ತ ಹಾರಾಡುವ ಸಣ್ಣ ಕಪ್ಪು ನೊಣಗಳೂ ಕಡಿಮೆಯಾಗುತ್ತವೆ.

ನಾಲ್ಕೈದು ವಾರಕ್ಕೆ ಎಲೆ ಬೆರಳುದ್ದ ಆಗಿರುತ್ತದೆ, ಚಳಿಗಾಲದಲ್ಲಿ ಇನ್ನೂ ತಡವಾಗಬಹುದು. ಗಿಡವನ್ನು ಕೀಳಬೇಡಿ. ಹೊರಗಿನ ದೊಡ್ಡ ಎಲೆಗಳನ್ನು ಚಿವುಟಿಕೊಳ್ಳಿ, ಇಲ್ಲವಾದರೆ ಬುಡದಿಂದ 2-3 ಸೆಂಟಿಮೀಟರ್ ಬಿಟ್ಟು ಮೇಲಿನದನ್ನು ಕತ್ತರಿಸಿ. ನಡುವಿನ ಪುಟ್ಟ ಸುಳಿ ಉಳಿದಿದ್ದರೆ ಮತ್ತೆ ಚಿಗುರುತ್ತದೆ, ಹೀಗೆ ಎರಡು ಮೂರು ಸಲ ಕೊಯ್ಯಬಹುದು. ಆಮೇಲೆ ಎಲೆ ಕಹಿಯಾಗುತ್ತದೆ. ಅಷ್ಟರಲ್ಲಿ ಮುಂದಿನ ಡಬ್ಬಿ ಸಿದ್ಧವಿರಬೇಕು, ಅದಕ್ಕೇ ಎರಡು ವಾರಕ್ಕೊಮ್ಮೆ ಒಂದು ಹೊಸ ಡಬ್ಬಿಗೆ ಬೀಜ ಹಾಕುತ್ತಾ ಹೋಗಿ. ರಾಕೆಟ್ ಸೊಪ್ಪು, ಸಾಸಿವೆ ಸೊಪ್ಪು ಕೂಡ ಇದೇ ರೀತಿ, ಇನ್ನೂ ಬೇಗ ಬರುತ್ತವೆ.

ಬಟಾಣಿ ಚಿಗುರನ್ನಂತೂ ಬಿಡಬೇಡಿ. ಒಣ ಬಟಾಣಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒತ್ತೊತ್ತಾಗಿ ಹರಡಿ, ತೆಳ್ಳಗೆ ಮಣ್ಣು ಮುಚ್ಚಿ. ಬೇಳೆ ಮಾಡಿದ್ದು ಮೊಳೆಯುವುದಿಲ್ಲ, ಇಡೀ ಕಾಳೇ ಬೇಕು. ಎರಡು ಮೂರು ವಾರದಲ್ಲಿ ಕೊಯ್ಲು. ಕೆಳಗಿನ ಒಂದು ಎಲೆ ಬಿಟ್ಟು ಅದರ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಎಚ್ಚರಿಕೆಯ ಮಾತು ಒಂದಿದೆ. ಸ್ವೀಟ್ ಪೀ ಅಂತ ಹೂವಿನ ಗಿಡದ ಬೀಜವೂ ಸಿಗುತ್ತದೆ, ಹೆಸರು ನೋಡಿ ಮೋಸ ಹೋಗಬೇಡಿ, ಅದು ವಿಷ. ಗುಲಾಬಿ, ನೀಲಿ ಪುಡಿ ಮೆತ್ತಿರುವ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಚಿಗುರು ತಿನ್ನಲು ಅದನ್ನೂ ಬಳಸಬೇಡಿ. ಟೊಮೆಟೊ, ಆಲೂಗಡ್ಡೆ ಎಲೆ ತಿನ್ನುವಂಥದ್ದಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ.

ಹಗಲು ಚಿಕ್ಕದಾದ ತಿಂಗಳುಗಳಲ್ಲಿ ಕಿಟಕಿಯ ಬೆಳಕು ಸಾಲದಿದ್ದರೆ ಒಂದು ಬಿಳಿ ಎಲ್‌ಇಡಿ ದೀಪವನ್ನು ಸಸಿಯಿಂದ ಒಂದು ಗೇಣು ಎತ್ತರಕ್ಕೆ ಕಟ್ಟಿ, ದಿನಕ್ಕೆ 12ರಿಂದ 16 ಗಂಟೆ ಉರಿಸಿ. ಇಲ್ಲವಾದರೆ ಆ ತಿಂಗಳು ಕ್ರೆಸ್, ಬಟಾಣಿ ಚಿಗುರು ಮಾತ್ರ ಹಾಕಿಕೊಳ್ಳಿ. ಅವು ಬೀಜದೊಳಗಿನ ಸತ್ವದಲ್ಲೇ ಅರ್ಧ ಬೆಳೆಯುತ್ತವೆ.

ಒಂದು ಲೆಟಿಸ್ ಪೊಟ್ಟಣದಲ್ಲಿ ನೂರಾರು ಬೀಜ ಇರುತ್ತವೆ, ಒಂದು ಮನೆಗೆ ಅಷ್ಟು ಬೇಕಾಗುವುದಿಲ್ಲ. ಉಳಿದದ್ದನ್ನು ಕಾಗದದಲ್ಲಿ ಮಡಚಿ, ಮೇಲೆ ಹೆಸರು, ತಿಂಗಳು ಬರೆದು ಸಂಘದ ಮುಂದಿನ ಭೇಟಿಗೆ ತನ್ನಿ. ನಿಮ್ಮ ನಂತರ ಬಂದ ಕುಟುಂಬಕ್ಕೆ ಕೊಡೋಣ.