ಹುಬ್ಬಳ್ಳಿಯ ಅಗಲ ರನ್‌ವೇಯಲ್ಲಿ ಧಪ್ಪನೆ ಇಳಿಯುವುದು ನಿಂತ ಬಗೆ

ತರಬೇತಿಯ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಹುಬ್ಬಳ್ಳಿಗೆ ಬಂದಾಗಲೆಲ್ಲ ಒಂದೇ ತೊಂದರೆ: ನೆಲ ಇನ್ನೂ ದೂರವಿರುವಾಗಲೇ ಮೂಗು ಎತ್ತುತ್ತಿದ್ದೆ, ವೇಗ ಸೋರಿ ವಿಮಾನ ಧಪ್ಪನೆ ಕೂರುತ್ತಿತ್ತು. ವೇಗವನ್ನು ಐದು ನಾಟ್ (ವಿಮಾನದ ವೇಗದ ಅಳತೆ) ಹೆಚ್ಚಿಸಿದರೆ ತೇಲಿಕೊಂಡು ಹೋಗುತ್ತಿತ್ತು. ಫ್ಲಾಪ್ (ಇಳಿಯುವಾಗ ಕೆಳಕ್ಕೆ ಬಾಗಿಸುವ ರೆಕ್ಕೆಯ ಹಿಂಭಾಗ) ಕಡಿಮೆ ಮಾಡಿದೆ, ಸೀಟು ಎತ್ತರಿಸಿದೆ, ಪ್ರಯೋಜನವಾಗಲಿಲ್ಲ.

ಮೋಸ ಕಣ್ಣಿನದು. ನಾನು ಕಲಿತದ್ದು ಕಿರಿದಾದ ರನ್‌ವೇಯಲ್ಲಿ, ಇಲ್ಲಿಯದು 45 ಮೀಟರ್ ಅಗಲ. ರನ್‌ವೇ ಅಗಲವಾಗಿದ್ದರೆ ನಾವು ಇರುವುದಕ್ಕಿಂತ ಕೆಳಗಿದ್ದೇವೆ ಎಂಬ ಭ್ರಮೆ ಹುಟ್ಟುತ್ತದೆ. ಹಾಗಾಗಿ ಅಂಚುಗಳಿಂದ ಎತ್ತರ ಅಳೆಯುವುದನ್ನೇ ಬಿಟ್ಟೆ.

ಈಗಿನ ಕ್ರಮ: ಫ್ಲಾಪ್ 30 ಡಿಗ್ರಿ, ವೇಗ 65 ನಾಟ್. ರನ್‌ವೇಯ ಮೇಲಿನ ಗುರಿಯ ಬಿಂದು ಮೂಗಿನಡಿ ಮರೆಯಾಗುವವರೆಗೂ ಅದನ್ನೇ ನೋಡಬೇಕು. ಆಮೇಲೆ ದೃಷ್ಟಿ ನೇರ ರನ್‌ವೇಯ ದೂರದ ತುದಿಗೆ. ಇದೇ ಮುಖ್ಯ ಹೆಜ್ಜೆ. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮೆಲ್ಲನೆ ಐಡಲ್‌ಗೆ, ಅಂದರೆ ಕನಿಷ್ಠ ಶಕ್ತಿಗೆ ತಂದು, ವಿಮಾನ ಕುಸಿಯುವಷ್ಟಕ್ಕೇ ಯೋಕ್ (ಮೂಗು ಎತ್ತಿಳಿಸುವ ಹಿಡಿ) ಅನ್ನು ಇಂಚಿಂಚಾಗಿ ಎಳೆಯಬೇಕು. ಬೇಗ ಎಳೆದೆವೆನಿಸಿದರೆ ಮುಂದಕ್ಕೆ ತಳ್ಳಬಾರದು, ಅನುಮಾನವಿದ್ದರೆ ಪೂರ್ಣ ಪವರ್ ಕೊಟ್ಟು ಮತ್ತೆ ಮೇಲೇರಬೇಕು.